ಎಣ್ಣೆ ಸೋವಿಯಾದರೆ ಖುಷಿಪಡಲೋ, ಅಪ್ಪನ ಹೊಲ ನೆನೆದು ಸಂಕಟಪಡಲೋ?

ಕುಷ್ಟಗಿ ಮಗಳು:

ಬೆಳಗ್ಗೆ ಐದೂವರೆಗೆ ನನ್ನ ದಿನ ಶುರು. ಇಬ್ಬರು ಮಕ್ಕಳ ಡಬ್ಬಿ, ನಮ್ಮಿಬ್ಬರ ಡಬ್ಬಿ, ಅತ್ತೆಯವರಿಗೆ ಬಿಸಿ ರೊಟ್ಟಿ. ಏಳೂಕಾಲಕ್ಕೆ ಶಾಲೆ ವ್ಯಾನ್ ಬರುತ್ತದೆ. ಎಂಟರ ಹೊತ್ತಿಗೆ ನಾನು ಕೆಂಗೇರಿಯಲ್ಲಿ ಮೆಟ್ರೋ ಹತ್ತಿರಬೇಕು. ಕೂತು ಯೋಚಿಸುವಷ್ಟು ಪುರಸೊತ್ತು ಯಾವತ್ತೂ ಇಲ್ಲ. ಸಾಸಿವೆ ಸಿಡಿಯುವವರೆಗೆ ಒಲೆ ಮುಂದೆ ಸುಮ್ನೆ ನಿಲ್ಲುತ್ತೇನಲ್ಲ, ಅಷ್ಟೇ ನನ್ನ ಹೊತ್ತು. ಒಂದು ವಾರದಿಂದ ಆ ಹೊತ್ತಿನಲ್ಲಿ ಒಂದೇ ವಿಷಯ ತಲೆ ತಿನ್ನುತ್ತಿದೆ. ಹೇಳಿಕೊಂಡರೆ ಹಗುರಾಗಬಹುದು, ಗೊತ್ತಿರುವವರು ನಾಲ್ಕು ಮಾತು ತಿಳಿಸಬಹುದು ಅಂತ ಬರೆಯುತ್ತಿದ್ದೇನೆ.

ಶುರುವಾಗಿದ್ದು ಎಣ್ಣೆ ಪ್ಯಾಕೆಟ್ಟಿನಿಂದ. ಹೊಸ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಸ್ಟೀಲ್ ಡಬ್ಬಿಗೆ ಸುರಿದೆ. ಖಾಲಿ ಪ್ಯಾಕೆಟ್ಟನ್ನು ಬಟ್ಟೆ ಕ್ಲಿಪ್ಪು ಹಾಕಿ ಡಬ್ಬಿಯ ಅಂಚಿಗೆ ತಲೆಕೆಳಗಾಗಿ ಸಿಕ್ಕಿಸಿದೆ. ಅರ್ಧ ಗಂಟೆ ಬಿಟ್ಟರೆ ಇನ್ನೊಂದು ಚಮಚ ಎಣ್ಣೆ ಇಳಿಯುತ್ತದೆ. ಮಗ ಹಲ್ಲುಜ್ಜುತ್ತಾ ಬಂದವನು, "ಅಮ್ಮಾ, ಯಾಕೆ ಅದನ್ನ ನೇತು ಹಾಕ್ತೀಯಾ?" ಅಂದ.

ಯಾವಾಗಿಂದ ಹೀಗೆ ಮಾಡುತ್ತಿದ್ದೇನೆ ಅಂತ ನೆನಪಿಸಿಕೊಂಡೆ. 2022ರ ಮಾರ್ಚ್. ಫೆಬ್ರವರಿ 24ಕ್ಕೆ ಯುಕ್ರೇನ್ ಮೇಲೆ ರಷ್ಯಾ ದಾಳಿ ಶುರುವಾಯಿತು. ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು. ನಾವು ಹೊರಗಿಂದ ತರಿಸುವ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಆಗ ಯುಕ್ರೇನಿನದೇ. ನಮ್ಮ ಬೀದಿ ಅಂಗಡಿಯವರು ಒಬ್ಬರಿಗೆ ಎರಡೇ ಪ್ಯಾಕೆಟ್ ಅಂದುಬಿಟ್ಟರು. ಪಾಮ್ ಎಣ್ಣೆಯಾದರೂ ಕೊಳ್ಳೋಣ ಅಂದರೆ, ಏಪ್ರಿಲ್ 28ರಿಂದ ಇಂಡೊನೇಷ್ಯಾ ತನ್ನ ಪಾಮ್ ಎಣ್ಣೆ ಹೊರಗೆ ಕಳಿಸುವುದನ್ನೇ ನಿಲ್ಲಿಸಿತು. ಮೇ 23ಕ್ಕೆ ಮತ್ತೆ ಬಿಟ್ಟರು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಭಾನುವಾರದ ಪೂರಿ ನಿಂತಿತು. ಮಗಳಿಗೆ ಆಗ ಒಂಬತ್ತು ವರ್ಷ, ಮಗ ಯುಕೆಜಿ.

ಮಗನಿಗೆ ಇದನ್ನೆಲ್ಲ ಚಿಕ್ಕದಾಗಿ ಹೇಳಿದೆ. ಅವನು ಬಾಯಿ ಮುಕ್ಕಳಿಸಿ ಬಂದು ಕೇಳಿದ. "ಅಷ್ಟು ದೂರದಲ್ಲಿ ಜಗಳ ಆದ್ರೆ ನಮ್ಮನೆ ಎಣ್ಣೆ ಯಾಕೆ ಖಾಲಿ ಆಗ್ಬೇಕು? ತಾತ ಸೂರ್ಯಪಾನ ಬೆಳೀತಿದ್ರು ಅಂತ ನೀನೇ ಹೇಳಿದ್ಯಲ್ಲಾ?"

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಕುಷ್ಟಗಿ ಕಡೆ ನಾವು ಸೂರ್ಯಕಾಂತಿಗೆ ಸೂರ್ಯಪಾನ ಅನ್ನುತ್ತೇವೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಎರೆ ಹೊಲದ ತುಂಬ ಅದೇ. ಕಾಳು ಕಟ್ಟುವ ಹೊತ್ತಿಗೆ ಗಿಳಿಗಳ ಹಿಂಡು ಬರುತ್ತಿತ್ತು. ಶಾಲೆಗೆ ಹೋಗುವ ಮೊದಲು ಒಂದು ತಾಸು, ಬಂದ ಮೇಲೆ ಒಂದು ತಾಸು, ನಾನೂ ತಮ್ಮನೂ ಡಬ್ಬಿ ಬಡಿಯುತ್ತಾ ಬದುವಿನ ಮೇಲೆ ಓಡಾಡುತ್ತಿದ್ದೆವು. ಹೂವಿನ ಬೆನ್ನು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದರೆ ಕೊಯ್ಯುವುದು. ತೆನೆ ಒಣಗಿಸಿ ಕಣದಲ್ಲಿ ಮುಖ ಕೆಳಗೆ ಮಾಡಿ ಕೋಲಿನಿಂದ ಬಡಿದರೆ ಕಪ್ಪು ಕಾಳು ಮಳೆ ಸುರಿದ ಹಾಗೆ ಉದುರುತ್ತಿತ್ತು. ಅವ್ವ ಮೊರದಲ್ಲಿ ಕೇರುತ್ತಿದ್ದಳು. ಆ ಕಾಳು ಮಾರಿದ ದುಡ್ಡಿನಿಂದಲೇ ನನ್ನ ಕಾಲೇಜು ಫೀಸು ಕಟ್ಟಿದ್ದು.

2022ರಲ್ಲಿ ಎಣ್ಣೆ ರೇಟು ಏರಿದಾಗ ಊರಿಗೆ ಫೋನ್ ಮಾಡಿದ್ದೆ. "ಅಪ್ಪಾ, ಈಗ ನಿಮಗೆ ಒಳ್ಳೆ ಬೆಲೆ ಸಿಗುತ್ತಲ್ವಾ?" ಅಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ರೇಟೇನೋ ಬಂದೈತಿ ತಂಗಿ. ಹೊಲದಾಗ ಸೂರ್ಯಪಾನ ಎಲ್ಲೈತಿ?" ಅಂದರು. ಅವರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈಗ ಮೆಕ್ಕೆಜೋಳ, ಹಿಂಗಾರಿಗೆ ಕಡಲೆ.

ನನ್ನ ಸಂಕಟ ಇಷ್ಟೇ. ಎಣ್ಣೆ ಸೋವಿಯಾದರೆ ತಿಂಗಳ ಲೆಕ್ಕದಲ್ಲಿ ನೂರು ಇನ್ನೂರು ಉಳಿಯಿತು ಅಂತ ಖುಷಿಪಡುತ್ತೇನೆ. ಅದೇ ಸೋವಿ ಎಣ್ಣೆ ನನ್ನಪ್ಪನಂಥವರು ಈ ಬೆಳೆ ಬಿಡುವ ಹಾಗೆ ಮಾಡಿತಾ? ನಾನೇ ಕೊಳ್ಳುವವಳು, ಬೆಳೆದವರ ಮಗಳೂ ನಾನೇ. ಯಾವ ಕಡೆ ನಿಂತು ಯೋಚಿಸಲಿ?

ಇನ್ನೊಂದು ಮಾತೂ ಇದೆ, ಅದನ್ನು ಹೇಳದಿದ್ದರೆ ಸಮಾಧಾನವಿಲ್ಲ. ಅದೇ 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಖಾರ್ಕಿವ್ ನಗರದಲ್ಲಿ ಜೀವ ಬಿಟ್ಟ. ಮೆಡಿಕಲ್ ಓದಲು ಹೋಗಿದ್ದವನು. ಊಟದ ಸಾಮಾನು ತರಲು ಹೊರಗೆ ಬಂದು ಅಂಗಡಿ ಮುಂದೆ ಪಾಳಿಯಲ್ಲಿ ನಿಂತಿದ್ದಾಗ ದಾಳಿ ಆಯಿತು. ಹೆತ್ತವರು ಮೂರು ವಾರ ಕಾದರು. 21ನೇ ತಾರೀಕು ದೇಹ ಊರಿಗೆ ಬಂತು. ಅದನ್ನೂ ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಅದೇ ವಾರ ನಾನೂ ಅಂಗಡಿ ಮುಂದೆ ಪಾಳಿ ಹಚ್ಚಿದ್ದೆ, ಎರಡು ಪ್ಯಾಕೆಟ್ ಎಣ್ಣೆಗೆ. ಇವೆರಡೂ ನನ್ನ ತಲೆಯಲ್ಲಿ ಬೇರೆ ಬೇರೆ ಆಗುವುದೇ ಇಲ್ಲ.

ನಿಮ್ಮ ಮನೆಗಳಲ್ಲಿ ಹೇಗೆ? ಎಣ್ಣೆ, ಗ್ಯಾಸು, ಈರುಳ್ಳಿ ಇವುಗಳ ಹಿಂದೆ ಯಾವ ಊರು, ಯಾರ ಹೊಲ ಇದೆ ಅಂತ ಮಕ್ಕಳ ಹತ್ತಿರ ಮಾತಾಡುತ್ತೀರಾ?

ಕರಾವಳಿ ಅಜ್ಜಿ:

ಮಗಳೇ, ಓದಿ ಮನಸ್ಸು ತುಂಬಿ ಬಂತು. ನಮ್ಮ ಕಡೆ ಎಣ್ಣೆ ಅಂದರೆ ತೆಂಗಿನೆಣ್ಣೆ ಒಂದೇ. ನಾನು ಮದುವೆಯಾಗಿ ಬಂದ ಮನೆಯಲ್ಲಿ ಮಾಳಿಗೆ ಮೇಲೆ ಕೊಬ್ಬರಿ ಒಣಗುತ್ತಿತ್ತು, ವರ್ಷಕ್ಕೆ ಎರಡು ಸಲ ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸುತ್ತಿದ್ದೆವು. ಆಮೇಲೆ ಡಾಕ್ಟರು ಅದು ಹೃದಯಕ್ಕೆ ಒಳ್ಳೆಯದಲ್ಲ ಅಂದರು, ಟೀವಿಯಲ್ಲಿ ಹಳದಿ ಹೂವಿನ ಪ್ಯಾಕೆಟ್ ಬಂತು. ನಾವೂ ಬದಲಾದೆವು. ಯಾರೂ ಒತ್ತಾಯ ಮಾಡಲಿಲ್ಲ, ನಾವೇ ಬದಲಾದದ್ದು.

2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತಲ್ಲ, ಆಗ ಸೊಸೆ, "ಅತ್ತೆ, ನಮ್ಮ ಮರದ ಕಾಯಿ ಯಾಕೆ ಮಿಲ್ಲಿಗೆ ಹಾಕಬಾರದು?" ಅಂತ ಕೇಳಿದಳು. ಮಾಳಿಗೆ ಗುಡಿಸಿ ಮತ್ತೆ ಕೊಬ್ಬರಿ ಹರವಿದೆವು. ಮನೆ ತುಂಬ ಆ ವಾಸನೆ ಬಂದಾಗ ಹಳೇ ದಿನ ನೆನಪಾಯಿತು. ಮರ ಇದ್ದವರಿಗೆ ಸರಿ. ಇಲ್ಲದವರು ಏನು ಮಾಡಬೇಕು ಅನ್ನುವುದು ಬೇರೆ ಪ್ರಶ್ನೆ.

ನಿವೃತ್ತ ಕೃಷಿ ಅಧಿಕಾರಿ:

ಕುಷ್ಟಗಿ ತಂಗಿ, ನಿಮ್ಮ ಮಗನ ಪ್ರಶ್ನೆಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಮೂವತ್ತು ವರ್ಷ ಎಣ್ಣೆಕಾಳು ಬೆಳೆಗಳ ಜೊತೆಯೇ ಕೆಲಸ ಮಾಡಿದವನು ನಾನು.

ಮೊದಲು ಒಂದು ವಿಷಯ. ಸೂರ್ಯಕಾಂತಿ ನಮ್ಮ ಹೊಲಗಳಿಗೆ ಎಣ್ಣೆ ಬೆಳೆಯಾಗಿ ಬಂದದ್ದೇ 1969ರಲ್ಲಿ, ಅದೂ ಆಗಿನ ಸೋವಿಯತ್ ಒಕ್ಕೂಟದಿಂದ ತಂದ ತಳಿಗಳಿಂದ. ಅಂದರೆ ನೀವು ಗಿಳಿ ಓಡಿಸಿದ ಆ ಹೊಲಕ್ಕೂ ಕಪ್ಪು ಸಮುದ್ರದ ಆಚೀಚೆಯ ನೆಲಕ್ಕೂ ಬೀಜದ ನಂಟು ಮೊದಲಿಂದಲೇ ಇದೆ. ಆಮೇಲೆ 1980ರಲ್ಲಿ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೇ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಿಡುಗಡೆ ಮಾಡಿತು. ಇದನ್ನು ಬರೆಯುವಾಗ ಈಗಲೂ ನನಗೆ ಹೆಮ್ಮೆಯಾಗುತ್ತದೆ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಶುರು ಮಾಡಿತು. ಬೀಜ, ಬೆಲೆ, ಖರೀದಿ ಮೂರೂ ಕೂಡಿ ಬಂದವು. 1990ರ ದಶಕದ ಮೊದಲಲ್ಲಿ ದೇಶದ 20 ಲಕ್ಷ ಹೆಕ್ಟೇರಿಗೂ ಜಾಸ್ತಿ ಭೂಮಿಯಲ್ಲಿ ಸೂರ್ಯಕಾಂತಿ ಇತ್ತು. ಕರ್ನಾಟಕವೇ ಮುಂದೆ. ಈಗ ಉಳಿದಿರುವುದು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಅದರಲ್ಲೂ ಕರ್ನಾಟಕವೇ ಮುಂದೆ, ಆದರೆ ಅದನ್ನು ಹೇಳಿಕೊಳ್ಳಲು ಮನಸ್ಸು ಬರುವುದಿಲ್ಲ.

ಏನಾಯಿತು? 1994ರಲ್ಲಿ ಪಾಮ್ ಎಣ್ಣೆ ಆಮದು ಮುಕ್ತವಾಯಿತು. ಮೊದಲು ಸುಂಕ ಜಾಸ್ತಿ ಇತ್ತು, ನಾಲ್ಕೈದು ವರ್ಷದಲ್ಲಿ ಅದೂ ಇಳಿಯಿತು. ಸೋವಿ ಎಣ್ಣೆ ಹಡಗಿನಲ್ಲಿ ಬರತೊಡಗಿದ ಮೇಲೆ ಇಲ್ಲಿನ ಕಾಳಿನ ಬೆಲೆ ನಿಲ್ಲಲಿಲ್ಲ. ಇದರ ಜೊತೆಗೆ 1997ರಲ್ಲಿ ಬಾಗೇಪಲ್ಲಿ ಕಡೆ ಹೊಸ ನಂಜುರೋಗ ಕಾಣಿಸಿತು. ಥ್ರಿಪ್ಸ್ ನುಸಿ ಹರಡುವ ರೋಗ. ಗಿಡದ ಕುಡಿ ಸುಟ್ಟ ಹಾಗೆ ಆಗಿ, ಹೂವು ತಿರುಚಿ, ಕಾಳೇ ಕಟ್ಟುತ್ತಿರಲಿಲ್ಲ. ಹಳ್ಳಿಗೆ ಹೋದರೆ ರೈತರು ಕರಿದಾದ ಹೂವನ್ನು ತಂದು ನಮ್ಮ ಜೀಪಿನ ಬಾನೆಟ್ ಮೇಲೆ ಇಡುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ, ಸುಮ್ನೆ ಇಟ್ಟು ನಮ್ಮ ಮುಖ ನೋಡುತ್ತಿದ್ದರು. ಬೆಲೆ ಇದ್ದಿದ್ದರೆ ರೋಗ ದಾಟಿ ಬರುತ್ತಿದ್ದರು. ರೋಗ ಇಲ್ಲದಿದ್ದರೆ ಬೆಲೆಯ ಪೆಟ್ಟನ್ನು ಹೇಗೋ ತಡೆಯುತ್ತಿದ್ದರು. ಎರಡೂ ಒಟ್ಟಿಗೆ ಬಿದ್ದವು.

ಇವತ್ತು ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಪಾಮ್ ಇಂಡೊನೇಷ್ಯಾ, ಮಲೇಷ್ಯಾದಿಂದ. ಸೋಯಾ ಅರ್ಜೆಂಟೀನಾ, ಬ್ರೆಜಿಲ್‌ನಿಂದ. ಸೂರ್ಯಕಾಂತಿ ರಷ್ಯಾ, ಯುಕ್ರೇನಿನಿಂದ. ನಿಮ್ಮ ಮಗನ ಪ್ರಶ್ನೆಗೆ ಇದೇ ಉತ್ತರ ತಂಗಿ. ತಾತನ ಹೊಲ ಖಾಲಿಯಾಯಿತು, ಅದಕ್ಕೇ ದೂರದ ಜಗಳ ನಿಮ್ಮ ಡಬ್ಬಿಗೆ ತಟ್ಟಿತು.

ಎರೆಹೊಲ:

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಗದಗ ಜಿಲ್ಲೆಯವನು, ಇನ್ನೂ ಸೂರ್ಯಪಾನ ಬಿತ್ತುವ ಕೆಲವರಲ್ಲಿ ಒಬ್ಬ.

2024ರ ಕಥೆ ಹೇಳುತ್ತೇನೆ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 7,280 ರೂಪಾಯಿ. ಮುಂಗಾರು ಚೆನ್ನಾಗಿತ್ತು, ಬೆಳೆ ಕೈಗೆ ಬಂತು. ಪೇಟೆಗೆ ಒಯ್ದರೆ ಅದಕ್ಕಿಂತ ಎಷ್ಟೋ ಕಡಿಮೆಗೆ ಕೇಳಿದರು. ಯಾಕೆ ಅಂದರೆ ಆಗ ಹೊರಗಿಂದ ಬರುವ ಕಚ್ಚಾ ಅಡುಗೆ ಎಣ್ಣೆ ಮೇಲೆ ಮೂಲ ಸುಂಕ ಸೊನ್ನೆ. ಖರೀದಿ ಕೇಂದ್ರ ತೆರೆಯುತ್ತಾರೆ ಅಂತ ಸುದ್ದಿ ಬಂತು. ನೋಂದಣಿಗೆ ಎರಡು ಸಲ ಹೋಗಿ ಬಂದೆ. ಕಾಳು ಮನೆಯಲ್ಲಿಟ್ಟು ಕಾಯೋಣ ಅಂದರೆ ಮೇಲೆ ಮಳೆ, ಒಳಗೆ ಬೂಸು, ಬೀಜ ಗೊಬ್ಬರದ ಅಂಗಡಿಯವರ ಬಾಕಿ ಬೇರೆ. ಕೊನೆಗೆ ವ್ಯಾಪಾರಿಗೇ ಕೊಟ್ಟೆ. ಸೆಪ್ಟೆಂಬರ್ 14ಕ್ಕೆ ಸರ್ಕಾರ ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. ಅಷ್ಟು ಹೊತ್ತಿಗೆ ನನ್ನ ಚೀಲ ವ್ಯಾಪಾರಿಯ ಗೋದಾಮು ಸೇರಿ ಆಗಿತ್ತು. ರೇಟು ಏರಿದ್ದು ನನ್ನ ಕಾಳಿಗೇ, ಆದರೆ ಅದು ನನ್ನದಾಗಿರಲಿಲ್ಲ.

ಮುಂದಿನ ವರ್ಷ ಮೇ ಕೊನೆಗೆ ಆ ಸುಂಕವನ್ನು ಮತ್ತೆ ಶೇ 10ಕ್ಕೆ ಇಳಿಸಿದರು. ನಾವು ಬಿತ್ತುವ ಹೊತ್ತು ಅದು. ಬೀಜದ ಪಾಕೀಟು ಕೈಯಲ್ಲಿ ಹಿಡಿದು ಯೋಚನೆ ಮಾಡುವ ಹಾಗಾಯಿತು. ಸುಂಕ ಎಷ್ಟಿರಬೇಕು ಅಂತ ವಾದ ಮಾಡುವಷ್ಟು ಓದಿದವನಲ್ಲ ನಾನು. ಬಿತ್ತುವ ಮೊದಲು ಒಂದು ಮಾತು ಹೇಳಿ, ಕೊಯ್ಯುವವರೆಗೆ ಅದನ್ನು ಬದಲಾಯಿಸಬೇಡಿ. ಇಷ್ಟೇ ನಾನು ಕೇಳುವುದು.

ಹರಿಯಾಣದ ಕುರುಕ್ಷೇತ್ರದಲ್ಲಿ 2023ರ ಜೂನ್‌ನಲ್ಲಿ ಸೂರ್ಯಕಾಂತಿ ರೈತರು ಹೆದ್ದಾರಿ ತಡೆದು ಕೂತಿದ್ದರು, ಇದೇ ಬೆಂಬಲ ಬೆಲೆಗಾಗಿ. ಟೀವಿಯಲ್ಲಿ ನೋಡಿ ನಮ್ಮೂರಿನವರೇ ಕೂತ ಹಾಗೆ ಅನ್ನಿಸಿತ್ತು.

ಕುಷ್ಟಗಿ ಮಗಳು:

ಅಣ್ಣಾ, ನೀವು ಹೇಳಿದ ಆ ಸೆಪ್ಟೆಂಬರ್ ನನಗೂ ಚೆನ್ನಾಗಿ ನೆನಪಿದೆ. ಸುಂಕ ಏರಿದ ಮೇಲೆ ದಸರಾ ಸಾಮಾನು ತರಲು ಹೋದಾಗ ಎಣ್ಣೆ ರೇಟು ನೋಡಿ ಅಂಗಡಿಯಲ್ಲೇ ಗೊಣಗಿದ್ದೆ. "ಹಬ್ಬ ಬಂದಾಗಲೇ ಏರಿಸುತ್ತಾರೆ" ಅಂತ ಪಕ್ಕದಲ್ಲಿದ್ದವರ ಜೊತೆಗೂ ಹೇಳಿದ್ದೆ. ಸಾವಿರಾರು ರೈತರಿಗೆ ಅದರಿಂದ ಒಂದಿಷ್ಟು ಅನುಕೂಲ ಆಗುತ್ತಿರಬಹುದು ಅಂತ ಹೊಳೆಯಲೇ ಇಲ್ಲ. ಹೊಳೆದಿದ್ದರೂ ನಿಮ್ಮ ಚೀಲ ಆಗಲೇ ಮಾರಿಹೋಗಿತ್ತು ಅನ್ನುವುದು ಗೊತ್ತಾಗುತ್ತಿರಲಿಲ್ಲ. ನೀವು ಬರೆದದ್ದಕ್ಕೆ ಗೊತ್ತಾಯಿತು.

ಸರ್, ಸೋವಿಯತ್ ಬೀಜದ ವಿಷಯ ಮಗನಿಗೆ ಓದಿ ಹೇಳಿದೆ. ಅಟ್ಲಾಸ್ ತೆಗೆದು ಕಪ್ಪು ಸಮುದ್ರ ಹುಡುಕಿದ. ಅಲ್ಲಿಂದ ಕುಷ್ಟಗಿವರೆಗೆ ಬೆರಳಲ್ಲಿ ಗೆರೆ ಎಳೆದ.

ಇಬ್ಬರು ಮಕ್ಕಳ ತಂದೆ:

ಅಕ್ಕಾ, ಒಂದು ಮಾತು ಹೇಳಲೇ? ಬೆಲೆ, ಬೆಳೆ ಸರಿ. ಆದರೆ ಯುದ್ಧ, ಸಾವು ಇವನ್ನೆಲ್ಲ ಮಕ್ಕಳ ತಲೆಗೆ ಯಾಕೆ ಹಾಕಬೇಕು? ನನ್ನ ಎಂಟು ವರ್ಷದ ಮಗಳು ಗಾಜಾದ ಮಕ್ಕಳ ವಿಡಿಯೊ ಯಾರದೋ ಮೊಬೈಲಿನಲ್ಲಿ ನೋಡಿ ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ರಾತ್ರಿ ಎದ್ದು ಕಿಟಕಿ ಚಿಲಕ ಹಾಕಿದೆಯಾ ಅಂತ ನೋಡಿಕೊಂಡು ಬರುತ್ತಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಟೀವಿ ಸುದ್ದಿ ಬಂದ್ ಮಾಡಿದ್ದೇವೆ. ಮಕ್ಕಳು ಮಕ್ಕಳಾಗಿರಲಿ ಅಲ್ವಾ?

ಕುಷ್ಟಗಿ ಮಗಳು:

ನಿಮ್ಮ ಮಗಳು ಚಿಲಕ ನೋಡಿ ಬರುತ್ತಿದ್ದಳು ಅನ್ನುವುದನ್ನು ಓದಿ ಹೊಟ್ಟೆ ಚುರುಕ್ ಅಂದಿತು. ಆ ವಿಡಿಯೊಗಳನ್ನು ಮಕ್ಕಳಿಗೆ ತೋರಿಸಬಾರದು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮನೆಯಲ್ಲೂ ತೋರಿಸುವುದಿಲ್ಲ.

ಆದರೆ ನಾವು ಬಾಯಿ ಮುಚ್ಚಿಕೊಂಡರೆ ಅವರು ಬೇರೆ ಕಡೆಯಿಂದ ಕೇಳುತ್ತಾರೆ, ನಿಮ್ಮ ಮಗಳಿಗೆ ಆದ ಹಾಗೆ. ಅಲ್ಲಿ ಚಿತ್ರ ಇರುತ್ತದೆ, ಪಕ್ಕದಲ್ಲಿ ಅಮ್ಮ ಇರುವುದಿಲ್ಲ. ಅದಕ್ಕೇ ನಾನು ಎಣ್ಣೆಯಿಂದ, ಗೋಧಿಯಿಂದ ಮಾತು ಶುರು ಮಾಡುತ್ತೇನೆ. ಕೈಯಲ್ಲಿ ಹಿಡಿಯಬಹುದಾದ ಸಾಮಾನು ಇದ್ದರೆ ಮಕ್ಕಳಿಗೆ ಹೆದರಿಕೆ ಕಡಿಮೆ, ಕುತೂಹಲ ಜಾಸ್ತಿ. ಮಗನಿಗೆ ಹಾವೇರಿಯ ಹುಡುಗನ ವಿಷಯ ಇನ್ನೂ ಹೇಳಿಲ್ಲ. ಮಗಳಿಗೆ ಹೇಳಿದ್ದೇನೆ, ಅವಳು ದೊಡ್ಡವಳಾಗಿದ್ದಾಳೆ, ತಾನೂ ಡಾಕ್ಟರ್ ಆಗಬೇಕು ಅನ್ನುತ್ತಾಳೆ. ಕೇಳಿ ಮುಗಿದ ಮೇಲೆ, "ಅವರಮ್ಮ ಈಗ ಹೇಗಿದ್ದಾರೆ?" ಅಂತ ಒಂದೇ ಪ್ರಶ್ನೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು. ಅವಳನ್ನು ಆ ಮಾತಿನಿಂದ ದೂರ ಇಟ್ಟಿದ್ದರೆ ಒಳ್ಳೆಯದಿತ್ತು ಅಂತ ನನಗೆ ಅನ್ನಿಸಲಿಲ್ಲ.

ದೋಹಾದಿಂದ:

ನಾನು ಕುಂದಾಪುರದ ಕಡೆಯವಳು, ಕತಾರ್‌ನಲ್ಲಿ ಹತ್ತು ವರ್ಷದಿಂದ ಇದ್ದೇವೆ. ಇಬ್ಬರು ಮಕ್ಕಳ ತಂದೆಯವರೇ, ಕೆಲವು ಸಲ ಯುದ್ಧ ತಾನಾಗಿಯೇ ಮಕ್ಕಳ ಹತ್ತಿರ ಬಂದುಬಿಡುತ್ತದೆ.

2025ರ ಜೂನ್ 23ರ ಸಂಜೆ. ನಾನು ಅಡುಗೆ ಮನೆಯಲ್ಲಿ ನೀರ್ ದೋಸೆ ಹುಯ್ಯುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಢಂ ಢಂ ಅಂತ ಸದ್ದು, ಕಿಟಕಿ ಗಾಜು ನಡುಗಿತು. ಮಗ ಬಾಲ್ಕನಿಗೆ ಓಡಿದ, ಆಕಾಶದಲ್ಲಿ ಬೆಳಕಿನ ಚುಕ್ಕಿಗಳು. ಇರಾನ್ ಬಿಟ್ಟ ಕ್ಷಿಪಣಿಗಳು ಅವು, ಇಲ್ಲಿನ ಅಲ್ ಉದೈದ್ ಅಮೆರಿಕನ್ ನೆಲೆ ಮೇಲೆ. ಅವನನ್ನು ಒಳಗೆ ಎಳೆದುಕೊಂಡೆ. ವಿಮಾನ ಹಾರಾಟ ನಿಲ್ಲಿಸಿದ್ದರು. ಐದು ನಿಮಿಷದಲ್ಲಿ ಊರಿಂದ ಅಮ್ಮನ ಫೋನು. ಏನು ಕೇಳಬೇಕು ಅಂತ ಗೊತ್ತಾಗದೆ ಅಮ್ಮ ಕೇಳಿದ್ದು, "ಮಕ್ಕಳ್ ಉಂಡ್ವಾ?" ಕಾವಲಿ ಮೇಲೆ ದೋಸೆ ಕರಿದಾಗಿತ್ತು. "ಹ್ಞೂಂ, ಉಂಡ್ವು" ಅಂದೆ.

ಆ ವಾರವೆಲ್ಲ ಹಾರ್ಮುಜ್ ಜಲಸಂಧಿ ಮುಚ್ಚುತ್ತಾರಂತೆ ಅಂತ ಮಾತು. ಅದರ ಅತಿ ಇಕ್ಕಟ್ಟಿನ ಜಾಗ ಸುಮಾರು 33 ಕಿಲೋಮೀಟರ್ ಅಗಲ. ಆಗ ನಮ್ಮ ದೇಶದ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರುತ್ತಿತ್ತು, ಅದರಲ್ಲಿ ಬಹುಪಾಲು ಆ ದಾರಿಯಲ್ಲೇ. ಊರಲ್ಲಿ ಅಮ್ಮ ಸಿಲಿಂಡರ್ ಹಚ್ಚುವಾಗ, ಆ ಗ್ಯಾಸು ನಮ್ಮ ಮನೆ ಮುಂದಿನ ಸಮುದ್ರದಿಂದಲೇ ಹೋಗಿರಬಹುದು. ಅಂದಿನಿಂದ ನನಗೆ ಹಾಗೇ ಕಾಣುತ್ತದೆ.

ಲೆಕ್ಕದ ಟೀಚರ್:

ಎಣ್ಣೆ ಪ್ಯಾಕೆಟ್ ವಿಷಯ ಬಂದದ್ದರಿಂದ ಎಲ್ಲ ಅಮ್ಮಂದಿರಿಗೂ ಒಂದು ಮಾತು. ಪ್ಯಾಕೆಟ್ಟಿನ ಮುಂದಿರುವ ಬೆಲೆ ಮಾತ್ರ ನೋಡಬೇಡಿ, ಗ್ರಾಂ ಎಷ್ಟಿದೆ ನೋಡಿ. ಒಂದು ಲೀಟರ್ ಎಣ್ಣೆ ಅಂದರೆ ಹೆಚ್ಚುಕಮ್ಮಿ 910 ಗ್ರಾಂ. ಅದೇ ಅಳತೆಯ ಹಾಗೆ ಕಾಣುವ ಪ್ಯಾಕೆಟ್ಟಿನಲ್ಲಿ 850, 800 ಗ್ರಾಂ ಇರುವುದೂ ಉಂಟು. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಕೆಲವು ಕಂಪನಿಗಳು 60 ಡಿಗ್ರಿ ಬಿಸಿಯಲ್ಲಿ ಒಂದು ಲೀಟರ್ ಅಂತ ಲೆಕ್ಕ ಹಿಡಿದು, ತೂಕದಲ್ಲಿ ಕಡಿಮೆ ತುಂಬುತ್ತಿದ್ದವು. 2022ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ನಿಲ್ಲಿಸಿ, ಡಿಗ್ರಿ ನಮೂದಿಸದೆ ಸರಿಯಾದ ಅಳತೆ, ತೂಕ ಹಾಕಿ ಅಂತ ಹೇಳಿ, 2023ರ ಜನವರಿ 15ರವರೆಗೆ ಗಡುವು ಕೊಟ್ಟಿತು.

ನಮ್ಮ ಏಳನೇ ತರಗತಿಯ ಮಕ್ಕಳಿಗೆ ಇದನ್ನೇ ಲೆಕ್ಕ ಕೊಟ್ಟಿದ್ದೆ. ಮನೆಯಿಂದ ಖಾಲಿ ಪ್ಯಾಕೆಟ್ ತಂದು, ಬೆಲೆಯನ್ನು ಗ್ರಾಮಿನಿಂದ ಭಾಗಿಸಿ, ಯಾವುದು ನಿಜವಾಗಿ ಸೋವಿ ಅಂತ ಹೇಳಬೇಕು. ಮರುದಿನ ಒಬ್ಬ ಹುಡುಗಿಯ ತಾಯಿ ಶಾಲೆ ಗೇಟಿನ ಹತ್ತಿರ ಸಿಕ್ಕಿ, "ಮೇಡಂ, ಇಷ್ಟು ದಿನ ಮೋಸ ಹೋಗಿದ್ದೆ" ಅಂದರು.

ಚಳ್ಳಕೆರೆ ಸೊಸೆ:

ನಮ್ಮೂರಿಗೆ ಎಣ್ಣೆ ನಗರ ಅಂತಲೇ ಹೆಸರು. ಶೇಂಗಾ ಎಣ್ಣೆ ಮಿಲ್ಲುಗಳಿಂದ ಬಂದ ಹೆಸರು. ನಾನು ಹೇಳುವುದು, ಪ್ಯಾಕೆಟ್ ಎಣ್ಣೆ ಬಿಟ್ಟು ಗಾಣದ ಎಣ್ಣೆಗೆ ಬನ್ನಿ. ನಮ್ಮ ರೈತರ ಕಾಳು, ನಮ್ಮ ಗಾಣಿಗರ ಕೈಕೆಲಸ, ಮಧ್ಯೆ ಯಾವ ಸಮುದ್ರವೂ ಇಲ್ಲ.

ಗಾರ್ಮೆಂಟ್ಸ್ ಅಕ್ಕ:

ಗಾಣದ ಎಣ್ಣೆ ಒಳ್ಳೆಯದೇ ಅಕ್ಕಾ, ಆದರೆ ರೇಟು ಎಷ್ಟು? ಮರದ ಗಾಣದಲ್ಲಿ ಒಂದು ಲೀಟರ್ ಶೇಂಗಾ ಎಣ್ಣೆಗೆ ಎರಡೂವರೆ ಕಿಲೋ ಹತ್ತಿರ ಬೀಜ ಬೇಕು ಅಂತ ನಮ್ಮ ಏರಿಯಾ ಗಾಣದವರೇ ಹೇಳಿದರು. ಬೀಜದ ದುಡ್ಡೇ ಅಷ್ಟಾದರೆ ಎಣ್ಣೆ ಎಷ್ಟಾಗಬೇಕು? ನನ್ನ ಸಂಬಳಕ್ಕೆ ಅದು ಎಟುಕುವುದಿಲ್ಲ. ನಾನು ಪಾಮ್ ಎಣ್ಣೆ ಕೊಳ್ಳುತ್ತೇನೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಮಕ್ಕಳಿಗೆ ಪಲ್ಯ ಸಿಗುತ್ತದೆ, ಅದು ಮುಖ್ಯ.

ದೂರದ ಜಗಳ ಡಬ್ಬಿಗೆ ತಟ್ಟುತ್ತದೆ ಅಂದಿರಲ್ಲ, ನಮಗೆ ಜಗತ್ತಿನ ಸುದ್ದಿ ಕಾರ್ಖಾನೆಯ ಹೊಲಿಗೆ ಲೈನಿಗೇ ಬರುತ್ತದೆ. ನಾವು ಹೊಲಿಯುವ ಪ್ಯಾಂಟು, ಶರ್ಟು ಬಹಳಷ್ಟು ಅಮೆರಿಕಕ್ಕೆ ಹೋಗುವುದು. 2025ರ ಆಗಸ್ಟ್ 27ರಿಂದ ಅಲ್ಲಿ ನಮ್ಮ ದೇಶದ ಮಾಲಿಗೆ ಶೇ 50 ಸುಂಕ ಹಾಕಿದರು. ಟೀವಿಯಲ್ಲಿ ದೊಡ್ಡವರು ಮಾತಾಡುತ್ತಿದ್ದರು. ನಮ್ಮ ಕಾರ್ಖಾನೆಯಲ್ಲಿ ಮೊದಲು ಓಟಿ (ಹೆಚ್ಚು ಹೊತ್ತಿನ ದುಡಿಮೆ) ನಿಂತಿತು. ಆಮೇಲೆ ಒಂದು ಲೈನ್ ಮುಚ್ಚಿ ಹುಡುಗಿಯರನ್ನು ಬೇರೆ ಲೈನ್‌ಗಳಿಗೆ ಹಂಚಿದರು. ನನ್ನ ಪಕ್ಕದ ಮಿಷನ್‌ನಲ್ಲಿ ಕೂರುತ್ತಿದ್ದ ಒರಿಸ್ಸಾದ ಹುಡುಗಿ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಹೋಗುವಾಗ ತನ್ನ ಚಿಕ್ಕ ಕತ್ತರಿ ನನ್ನ ಕೈಗೆ ಕೊಟ್ಟು, ಬಂದ ಮೇಲೆ ತೊಗೋತೀನಿ ಅಂದಿದ್ದಳು. ಅದು ಈಗಲೂ ನನ್ನ ಮಿಷನ್ ಡ್ರಾದಲ್ಲೇ ಇದೆ.

ಸೋವಿ ಎಣ್ಣೆ ಬೇಕು ಅನ್ನುವುದು ತಪ್ಪಲ್ಲ ಕುಷ್ಟಗಿ ಅಕ್ಕಾ. ನೀವು ಅಷ್ಟು ನೊಂದುಕೊಳ್ಳಬೇಡಿ. ಆದರೆ ರೈತರಿಗೆ ಕೊಡಬೇಕಾದದ್ದನ್ನು ನಮ್ಮ ಡಬ್ಬಿಯಿಂದಲೇ ತೆಗೆಯಬೇಕು ಅಂತ ಯಾರು ಹೇಳಿದರು? ಬೆಂಬಲ ಬೆಲೆಗೆ ಸರ್ಕಾರ ಕೊಂಡು, ನಮ್ಮಂಥವರಿಗೆ ರೇಷನ್ ಅಂಗಡಿಯಲ್ಲಿ ಎಣ್ಣೆ ಕೊಡಲಿ.

ಎರೆಹೊಲ:

ತಂಗಿ, ನೀವು ಹೇಳಿದ್ದನ್ನು ನಾನು ಮನಸ್ಸಿನಿಂದ ಒಪ್ಪುತ್ತೇನೆ. ನಿಮ್ಮ ಮಕ್ಕಳ ಪಲ್ಯ ಕಡಿಮೆಯಾಗಿ ನನಗೆ ಬೆಲೆ ಬರಬೇಕಿಲ್ಲ. ರೇಷನ್‌ನಲ್ಲಿ ನಮ್ಮ ಕಾಳಿನ ಎಣ್ಣೆ ಹೋಗುವುದಾದರೆ ನಾನು ನಾಲ್ಕು ಎಕರೆ ಬಿತ್ತುತ್ತೇನೆ.

ಚಳ್ಳಕೆರೆ ಸೊಸೆ:

ಗಾರ್ಮೆಂಟ್ಸ್ ಅಕ್ಕಾ, ನಾನು ರೇಟಿನ ವಿಷಯ ಯೋಚಿಸದೆ ಬರೆದೆ. ತಪ್ಪು ನನ್ನದು. ನಮ್ಮ ಮನೆಯಲ್ಲೂ ಕರಿಯಲು ಪ್ಯಾಕೆಟ್ ಎಣ್ಣೆಯೇ. ಗಾಣದ್ದು ಚಟ್ನಿಪುಡಿಗೆ, ಒಗ್ಗರಣೆಗೆ ಮಾತ್ರ.

ಕುಷ್ಟಗಿ ಮಗಳು:

ಎಲ್ಲರ ಮಾತನ್ನೂ ರಾತ್ರಿ ಯಜಮಾನರಿಗೆ, ಅತ್ತೆಯವರಿಗೆ ಓದಿ ಹೇಳಿದೆ. ಅತ್ತೆಯವರು ಗಾರ್ಮೆಂಟ್ಸ್ ಅಕ್ಕನ ಕತ್ತರಿ ವಿಷಯಕ್ಕೆ ಕಣ್ಣೊರೆಸಿಕೊಂಡರು.

ಆಮೇಲೆ ಮಗಳ ಜೊತೆ ಕೂತು ಒಂದು ಲೆಕ್ಕ ಹಾಕಿದೆ, ಸರಿಯಿದೆಯಾ ನೋಡಿ ಹೇಳಿ. ನಮ್ಮ ಮನೆಗೆ ತಿಂಗಳಿಗೆ ನಾಲ್ಕು ಲೀಟರ್, ವರ್ಷಕ್ಕೆ 48 ಲೀಟರ್. ಒಂದು ಕ್ವಿಂಟಲ್ ಸೂರ್ಯಪಾನ ಕಾಳು ಮಿಲ್ಲಿಗೆ ಹಾಕಿದರೆ ಅಂದಾಜು 35 ಲೀಟರ್ ಎಣ್ಣೆ ಹಿಡಿದೆ. ಹಾಗಾದರೆ ನಮಗೆ ಬೇಕಾದದ್ದು ಒಂದೂವರೆ ಕ್ವಿಂಟಲಿಗೂ ಕಡಿಮೆ. ಎಕರೆಗೆ ಮೂರು ಕ್ವಿಂಟಲ್ ಬಂದರೂ ಅರ್ಧ ಎಕರೆ ಸಾಕು. ಐದು ಜನರ ಮನೆಗೆ ವರ್ಷದ ಎಣ್ಣೆ, ಅಪ್ಪನ ಹೊಲದ ಅರ್ಧ ಎಕರೆ! ಇದನ್ನು ನೋಡಿ ನಾನೇ ಬೆರಗಾದೆ.

ನಿವೃತ್ತ ಕೃಷಿ ಅಧಿಕಾರಿ:

ಲೆಕ್ಕ ಸರಿಯಾಗಿದೆ. ಸಣ್ಣ ಮಿಲ್ಲುಗಳಲ್ಲಿ ಎಣ್ಣೆ ಸ್ವಲ್ಪ ಕಡಿಮೆ ಬಂದೀತು, ಇನ್ನೊಂದಿಷ್ಟು ಕಾಳು ಹೆಚ್ಚು ಹಿಡಿಯಿರಿ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಬಿಸಾಡಬೇಡಿ, ಎಮ್ಮೆಗೆ ಒಳ್ಳೆಯ ಮೇವು. ಬೀಜ ಹಾಕುವಾಗ ಹೊಲದ ಸುತ್ತ ನಾಲ್ಕು ಸಾಲು ಬಿಳಿಜೋಳ ಬಿತ್ತಲು ಅಪ್ಪನಿಗೆ ಹೇಳಿ. ರೋಗ ತರುವ ನುಸಿ ಗಾಳಿಯಲ್ಲಿ ಬರುವುದನ್ನು ಅದು ಸ್ವಲ್ಪ ತಡೆಯುತ್ತದೆ. ಬದುವಿನ ಮೇಲಿನ ಪಾರ್ಥೇನಿಯಂ ಕಿತ್ತು ಹಾಕಬೇಕು, ಅದೇ ಆ ರೋಗದ ತವರು.

ಎರೆಹೊಲ:

ಬೀಜ ಬೇಕಾದರೆ ನಾನು ಯಾವುದು ಹಾಕಿದ್ದೇನೆ ಅಂತ ತಿಳಿಸುತ್ತೇನೆ. ಗಿಳಿ ಮಾತ್ರ ಕಾಯಬೇಕು. ಅರ್ಧ ಎಕರೆ ಒಂದೇ ಇದ್ದರೆ ಸುತ್ತಲಿನ ಗಿಳಿಯೆಲ್ಲ ಅಲ್ಲಿಗೇ ಬರುತ್ತವೆ.

ಕುಷ್ಟಗಿ ಮಗಳು:

ಈಗಷ್ಟೇ ಅಪ್ಪನ ಜೊತೆ ಮಾತಾಡಿದೆ. ಜೋಳದ ಸಾಲಿನ ವಿಷಯ, ಹಿಂಡಿ ವಿಷಯ ಎಲ್ಲ ಹೇಳಿದೆ. "ಅರ್ಧ ಎಕರೆಗೆ ಇಷ್ಟೆಲ್ಲ ಯಾರ್ ಮಾಡ್ತಾರ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬಾವಿ ಕಡೀ ಹೊಲದಾಗ ಹಾಕಬೌದು. ಗಿಳಿ ಕಾಯಾಕ ಯಾರದಾರ?" ಅಂದರು. ಮಗ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, ಬಡಿಯಲು ಯಾವ ಡಬ್ಬಿ ತರಬೇಕು ತಾತಾ ಅಂತ ಕೇಳುತ್ತಿದ್ದಾನೆ. ವ್ಯಾನ್ ಬಂತು, ಸಂಜೆ ಬರೆಯುತ್ತೇನೆ.